ಜಗ್ಗಣ್ಣನ ಪೆಟ್ಟಿಗೆಯಲ್ಲಿ ನನ್ನ ತಂಗಿಯ ದನಿ

ನನ್ನ ತಂಗಿಯ ಗಂಡನನ್ನು ನಮ್ಮ ಕಟ್ಟಡದವರೆಲ್ಲ ಜಗ್ಗಣ್ಣ ಎನ್ನುತ್ತಾರೆ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡದೆ ಅವನು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ, ಅದಕ್ಕೇ ಬಂದ ಹೆಸರು. ಒಮ್ಮೆ ಜಗ್ಗಿ, ಅರ್ಧ ಮೆಟ್ಟಿಲು ಇಳಿದು, ಏನೋ ನೆನಪಾದವನ ಹಾಗೆ ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುತ್ತಾನೆ. ನಾನಿರುವುದೂ ಅವರ ಮನೆಯಲ್ಲೇ. ಗ್ಯಾಸ್ ಆರಿಸಿದ್ದೇನೆ ಎಂದು ನಾನು ಹೇಳಿದರೆ ತಲೆಯಾಡಿಸುತ್ತಾನೆ, ಆಮೇಲೆ ತಾನೇ ಹೋಗಿ ತಿರುಪು ಮುಟ್ಟಿ ಬರುತ್ತಾನೆ. ಮೊದಮೊದಲು ನನಗೆ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದ್ದರಿಂದ ಇಲ್ಲಿ ಅವನು ಎಂದೇ ಬರೆಯುತ್ತೇನೆ. ಎದುರಿಗೆ ಮಾತ್ರ ನೀವು.

ಅವನ ಕಸುಬು ಲಿಫ್ಟ್ ರಿಪೇರಿ. ಕಸುಬಿಗೆ ಸೇರಿದ ಹೊಸದರಲ್ಲಿ ಒಂದು ಘಟನೆ ಆಯಿತಂತೆ. ಲಿಫ್ಟಿನ ಕೆಳಗೆ, ನೆಲದೊಳಗೆ ಒಂದು ಗುಂಡಿ ಇರುತ್ತದೆ. ಅದರೊಳಗೆ ಇಳಿದು ಇವನು ಎಣ್ಣೆ ಒರೆಸುತ್ತಿದ್ದ. ಕೆಲಸ ಮುಗಿದಿದೆ ಎಂದುಕೊಂಡು ಮೇಲಿದ್ದ ಯಾರೋ ಮೇನ್ ಸ್ವಿಚ್ ಹಾಕಿಬಿಟ್ಟರು. ಲಿಫ್ಟು ಇವನ ತಲೆಯ ಕಡೆಗೆ ಇಳಿದು ಬಂತು. ಇವನು ನೆಲಕ್ಕೆ ಅಂಟಿಕೊಂಡು ಮಲಗಿದ. ಬದುಕಿಕೊಂಡ. ಮೇಸ್ತ್ರಿ ಅವನ ಕೈಗೆ ಒಂದು ಕೆಂಪು ಬೀಗ ಕೊಟ್ಟು ಹೇಳಿದರಂತೆ: ಒಳಗೆ ಇಳಿಯುವ ಪ್ರತಿಯೊಬ್ಬನೂ ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಹಾಕಬೇಕು, ಕೀಲಿ ತನ್ನ ಜೇಬಿನಲ್ಲೇ ಇರಬೇಕು, ಅಣ್ಣತಮ್ಮಂದಿರಾದರೂ ಸರಿ. ಕೊನೆಯ ಬೀಗ ತೆಗೆಯುವವನು ಅದಕ್ಕೂ ಮೊದಲು ಗುಂಡಿಯೊಳಗೆ ಬಗ್ಗಿ "ಒಳಗೆ ಯಾರಾದ್ರೂ ಇದೀರಾ?" ಎಂದು ಕೂಗಬೇಕು. ಅವತ್ತಿನಿಂದ ಅವನು ಯಾರ ಮಾತನ್ನೂ ನಂಬುವುದು ಬಿಟ್ಟ. ನನ್ನ ತಂಗಿಯ ಮಾತೊಂದನ್ನು ಬಿಟ್ಟು.

ಲಿಫ್ಟುಗಳ ಒಳಗೆಲ್ಲ ಕಂಪ್ಯೂಟರ್ ಬಂದಾಗ ಇವನು ಕಂಪ್ಯೂಟರನ್ನೂ ಕಲಿಯಬೇಕಾಯಿತು. ಕಲಿತದ್ದು ಹುಚ್ಚಾಗಿ ಹಿಡಿಯಿತು. ಯಾವುದೋ ಆಫೀಸು ಮುಚ್ಚುವಾಗ ಅವರು ಬಿಸಾಡಲಿಟ್ಟಿದ್ದ ಒಂದು ದೊಡ್ಡ ಸರ್ವರ್ ಪೆಟ್ಟಿಗೆಯನ್ನು ಕೇಳಿ ಪಡೆದು ಹೊತ್ತುಕೊಂಡು ಬಂದ. ಅಡುಗೆಮನೆಯ ಹಿಂದಿನ ಸಾಮಾನು ಕೋಣೆಯಲ್ಲಿ ಅದನ್ನು ಇಟ್ಟ. ಡಬ್ಬಿ, ಮೊರ, ಹಳೆಯ ಪಾತ್ರೆ ಎಲ್ಲ ನನ್ನ ಮಂಚದ ಕೆಳಗೆ ಬಂದವು. ಪೆಟ್ಟಿಗೆ ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಅದರ ಬೆನ್ನಿನಿಂದ ಬಿಸಿ ಗಾಳಿ ಬರುತ್ತದೆಂದು ಕಂಡುಕೊಂಡವಳು ತಂಗಿಯ ಸೊಸೆ. ಮೋಡದ ದಿನಗಳಲ್ಲಿ ಅವಳೂ ನಾನೂ ಒದ್ದೆ ಟವೆಲ್ಲು, ಲಂಗಗಳನ್ನು ಅಲ್ಲೇ ಒಂದು ದಾರ ಕಟ್ಟಿ ಹರವುತ್ತಿದ್ದೆವು. ಅವನು ಕಂಡಾಗಲೆಲ್ಲ ಕೂಗಾಡುತ್ತಿದ್ದ.

"ಲಕ್ಷಗಟ್ಲೆ ಫೋಟೋ ಇರೋ ಮಿಷಿನ್ ಇದು. ಲಂಗ ಒಣಗ್ಸೋ ಒಲೆ ಅಲ್ಲ."

"ಬಿಸಿ ಗಾಳಿ ಪುಗಸಟ್ಟೆ ಹೋಗ್ತಿದೆಯಲ್ಲ ಮಾವ," ಎನ್ನುತ್ತಿದ್ದಳು ಸೊಸೆ.

ಒಂದು ದಿನ ನಾನು ತರಕಾರಿ ಹೆಚ್ಚುತ್ತಾ ಕೇಳಿದೆ, ಅದರೊಳಗೆ ಏನಿದೆ ಎಂದು. ಅವನಿಗೆ ಹೇಳುವ ಹಂಬಲ ಇತ್ತು, ಕೇಳುವವರು ಇರಲಿಲ್ಲ.

"ಅಕ್ಕಾ, ಹೊರಗಿಂದ ನೋಡಿದ್ರೆ ಇದು ಒಂದೇ ಮನೆ. ಒಳಗೆ ಗೋಡೆ ಹಾಕಿ ಮೂರು ಸಂಸಾರ ಬಾಡಿಗೆಗೆ ಇಟ್ಟಿದೀನಿ ಅಂದ್ಕೊಳಿ. ಒಬ್ಬೊಬ್ರೂ ಇಡೀ ಮನೆ ನಂದೇ ಅಂದ್ಕೊಂಡಿದಾರೆ. ವರ್ಚುವಲ್ ಮಿಷಿನ್ ಅಂತಾರೆ."

"ಬಾಡಿಗೆ ಕೊಡ್ತಾರಾ?" ಒಲೆಯ ಹತ್ತಿರ ನಿಂತಿದ್ದ ತಂಗಿ ಕೇಳಿದಳು.

"ಕೆಲಸ ಮಾಡ್ತಾರೆ. ಒಬ್ಬ ಉಗ್ರಾಣದವನು. ನಮ್ಮ ಫೋಟೋ, ವೀಡಿಯೋ, ಕಾಗದಪತ್ರ ಎಲ್ಲಾ ಡಿಸ್ಕ್ ಮೇಲೆ ಜೋಡಿಸಿ ಇಟ್ಕೊಳೋನು. ಇನ್ನೊಬ್ಬ ಅವನು ಇಟ್ಟಿದ್ದನ್ನೆಲ್ಲ ದಿನಾ ನೋಡಿ ಕಾಪಿ ಮಾಡ್ಕೊಳೋನು. ಮೂರನೆಯವನು ಮೆಟ್ಟಿಲ ಮೇಲಿರೋ ಕ್ಯಾಮೆರಾ ಕಾಯೋನು. ಒಬ್ಬ ಹಾಳಾದ್ರೆ ಅವನೊಬ್ಬನ್ನ ಖಾಲಿ ಮಾಡಿಸಬಹುದು, ಮಿಕ್ಕೋರಿಗೆ ಗೊತ್ತೂ ಆಗಲ್ಲ."

"ಗೋಡೆ ಎಲ್ಲಿದೆ?" ಎಂದೆ.

"ಗೋಡೆ ಇಲ್ಲ. ಇದೆ ಅಂತ ನಂಬ್ಸಿದೀನಿ."

"ಇಲ್ಲದ ಗೋಡೆ, ಇಲ್ಲದ ಬಾಡಿಗೆಯವ್ರು," ಎಂದಳು ತಂಗಿ. "ಕರೆಂಟ್ ಬಿಲ್ ಒಂದು ಮಾತ್ರ ನಿಜವಾಗ್ಲೂ ಬರುತ್ತೆ."

ಅವನೂ ನಕ್ಕ. ತಂಗಿ ಹೇಳಿದ್ದಕ್ಕೆ ಅವನು ನಗುತ್ತಿದ್ದ, ನಾವು ಹೇಳಿದ್ದಕ್ಕೆ ಅಲ್ಲ.

ಪೆಟ್ಟಿಗೆ ಬಂದ ಮೇಲೆ ಮನೆಗೆ ಒಂದು ಕಾನೂನೂ ಬಂತು. ಫೋನನ್ನು ನಂಬುವ ಹಾಗಿಲ್ಲ. ಫೋನು ಬೀಳುತ್ತದೆ, ಕಳೆಯುತ್ತದೆ, ಕದ್ದು ಹೋಗುತ್ತದೆ. ಆದ್ದರಿಂದ ಏನು ತೆಗೆದರೂ ಪೆಟ್ಟಿಗೆಗೆ ಹಾಕಬೇಕು, ಹಾಕಿದ ಮೇಲೆ ಅವನ ಕಣ್ಣೆದುರಿಗೇ ಫೋನಿನಿಂದ ಅಳಿಸಬೇಕು. ಲಾರಿ ಓಡಿಸುವ ತಂಗಿಯ ಮಗ ವಾರಗಟ್ಟಲೆ ಊರಾಚೆ ಇರುವವನು, ಅವನು ತಪ್ಪಿಸಿಕೊಂಡ. ಸಿಕ್ಕಿಬಿದ್ದವಳು ಸೊಸೆ. ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ, ಕಂಪ್ಯೂಟರು ಅವಳಿಗೂ ಬರುತ್ತಿತ್ತು. ಪೆಟ್ಟಿಗೆಗೆ ಹೋಗುವ ಪಾಸ್‌ವರ್ಡು ಅವನದು ಬಿಟ್ಟರೆ ಇದ್ದದ್ದು ಅವಳ ಹತ್ತಿರ ಒಂದೇ.

ಈಗ ತಂಗಿಯ ವಿಷಯ ಹೇಳಬೇಕು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಅವಳದು. ಊರಿಗೆಲ್ಲ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಪಕ್ಕದಲ್ಲಿದ್ದವರು ತಮ್ಮ ಚೀಲ ಎತ್ತಿಕೊಂಡು ನಿಲ್ಲುತ್ತಿದ್ದರು, ಬಸ್ಸು ಬಂತೇನೋ ಎನ್ನುವ ಹಾಗೆ. ಜಗ್ಗಣ್ಣ ಅವಳನ್ನು ಮೊದಲು ಕೇಳಿದ್ದೂ ಮೈಕಿನಲ್ಲೇ. ನಿಲ್ದಾಣದ ಲಿಫ್ಟ್ ರಿಪೇರಿಗೆ ಹೋದವನು ಕೆಲಸ ಮುಗಿದ ಮೇಲೂ ಬೆಂಚಿನ ಮೇಲೆ ಕೂತೇ ಇದ್ದನಂತೆ.

ಆ ದನಿ ಒಡೆಯಿತು. ಶೀತ ಎಂದುಕೊಂಡೆವು, ಹೋಗಲಿಲ್ಲ. ಗಂಟಲಿನ ಡಾಕ್ಟರು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ಹೇಳಿದರು: ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ತೊಂದರೆ ಇಲ್ಲ, ಆದರೆ ಈ ದನಿ ಇರುವುದಿಲ್ಲ. ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಕೊಟ್ಟರು. ಅದೇ ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟ್ರಮ್ಮ ಒಬ್ಬರಿದ್ದರು. ಅವರು ತಂಗಿಯ ಕೈ ಹಿಡಿದುಕೊಂಡು, "ಇರೋವಾಗ್ಲೇ ರೆಕಾರ್ಡ್ ಮಾಡಿ ಇಟ್ಕೊಳಿ. ದಿನಾ ಬೇಕಾಗೋ ಮಾತೆಲ್ಲ ನಿಮ್ಮ ದನೀಲೇ ಇರ್ಲಿ. ಆಮೇಲೆ ಟ್ಯಾಬ್‌ನಲ್ಲಿ ಒತ್ತಿದ್ರೆ ನೀವೇ ಮಾತಾಡಿದ ಹಾಗೆ ಕೇಳುತ್ತೆ," ಎಂದರು. ಯಾವ ಯಾವ ಮಾತು ಬೇಕಾಗುತ್ತದೆ ಎಂದು ಒಂದು ಅಚ್ಚಿನ ಹಾಳೆಯನ್ನೂ ಕೊಟ್ಟರು.

ಸೊಸೆ ಫೋನು ಹಿಡಿದು ಕೂತಳು, ತಂಗಿ ಹಾಳೆ ನೋಡಿದಳು.

"ನೀರು ಬೇಕು. ನೋವಾಗ್ತಿದೆ. ಫ್ಯಾನ್ ಹಾಕಿ... ಏನೇ ಇದು, ಬರೀ ರೋಗಿ ಮಾತು! ನಾನು ಬೈಯ್ಬೇಕಾದ್ರೆ ಏನ್ ಮಾಡ್ಲಿ?"

"ಬೈದೇ ಇರಿ ಅತ್ತೆ, ಆರೋಗ್ಯಕ್ಕೆ ಒಳ್ಳೇದು."

"ಆಹಾ, ಕಾಯ್ತಿದೀಯಾ? ಒತ್ತು, ಒತ್ತು ಅದನ್ನ." ಎಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ಲೇ ಹುಡುಗಿ, ಫೋನ್ ಕೆಳಗಿಟ್ಟು ಊಟ ಮಾಡು. ಹಾಲು ಉಕ್ತಿದೆ, ಕಣ್ಣು ಎಲ್ಲಿದೆ ನಿಂಗೆ? ಮತ್ತೆ ಒದ್ದೆ ತಲೇಲಿ ಮಲಗಿದ್ಯಾ?"

ಹಾಳೆ ಪಕ್ಕಕ್ಕೆ ಸರಿಯಿತು. ದಿನಾ ಮಧ್ಯಾಹ್ನ ಕೂತು ಮನೆಯ ಮಾತೆಲ್ಲ ತುಂಬಿದರು. ನನಗೆಂದು "ಅಕ್ಕಾ, ನೀನು ಕೂತ್ಕೋ, ಅವಳು ಮಾಡ್ತಾಳೆ" ಇತ್ತು. ಮಗನಿಗೆಂದು "ಊಟ ಆಯ್ತೇನೋ? ನಿದ್ದೆ ಬಂದ್ರೆ ಗಾಡಿ ನಿಲ್ಸು" ಇತ್ತು. ಗಂಡನಿಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಸಂಜೆ ಹೊತ್ತು ಅವನು ಮೆಟ್ಟಿಲ ಗ್ರಿಲ್ಲಿಗೆ ಬೀಗ ಹಾಕಿ ಜಗ್ಗುತ್ತಾ ನಿಲ್ಲುತ್ತಾನಲ್ಲ, ಆಗ ಇವಳು ಒಳಗಿನಿಂದ ಕೂಗುವ ಒಂದು ಮಾತಿತ್ತು: "ಜಗ್ಗಿದ್ದು ಸಾಕು ರೀ, ಒಳಗೆ ಬನ್ನಿ." ಅದನ್ನೂ ಹೇಳಿದಳು. ಸರಿ ಬರಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಸೊಸೆ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ, ತಂಗಿ ಕಾಣಲಿಲ್ಲ.

ಎಲ್ಲವೂ ಪೆಟ್ಟಿಗೆಗೆ ಹೋಯಿತು. ಕಾನೂನಿನ ಪ್ರಕಾರ ಜಗ್ಗಣ್ಣ ಎದುರಿಗೇ ನಿಂತು ಸೊಸೆಯ ಫೋನಿನಿಂದ ಎಲ್ಲವನ್ನೂ ಅಳಿಸಿ ಹಾಕಿಸಿದ.

ಆಗ ನಮ್ಮ ರಸ್ತೆಯಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು, ಕರೆಂಟು ಆಗಾಗ ಹೋಗುತ್ತಿತ್ತು. ಪೆಟ್ಟಿಗೆಗೆ ಆಸರೆಯಾಗಿದ್ದ ಬ್ಯಾಟರಿ ಹಳೆಯದಾಗಿ ಕೈಕೊಟ್ಟಿತ್ತು. ಗುಂಯ್ ಎನ್ನುವುದು ನಿಂತಾಗ ಮನೆ ಭಣಭಣ ಎನ್ನುತ್ತಿತ್ತು, ಕರೆಂಟು ಬಂದ ಕೂಡಲೇ ಪೆಟ್ಟಿಗೆ ತಾನಾಗಿಯೇ ಎದ್ದು ಮತ್ತೆ ಶುರುಮಾಡುತ್ತಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ತಂಗಿ, ತಾನು ಹೇಳಿದ್ದು ಹೇಗೆ ಬಂದಿದೆ ನೋಡೋಣ ಎಂದು ಟ್ಯಾಬಿನಲ್ಲಿ ಒಂದನ್ನು ಒತ್ತಿದಳು. ಅರ್ಧ ಮಾತು ಬಂತು, ಆಮೇಲೆ ಕರ್ರ್ ಎಂದಿತು. ಇನ್ನೊಂದು ಒತ್ತಿದಳು. ತೆರೆಯಲೇ ಇಲ್ಲ.

ಜಗ್ಗಣ್ಣ ಪೆಟ್ಟಿಗೆಯ ಮುಂದೆ ಕೂತ. ಕಾಪಿ ಇದೆ ಎಂದು ಆ ಎರಡನೆಯ ಬಾಡಿಗೆಯವನನ್ನು ನೋಡಿದ. ಅವನು ಕೆಟ್ಟದ್ದನ್ನೂ ನಿಯತ್ತಾಗಿ ಕಾಪಿ ಮಾಡಿಕೊಂಡಿದ್ದ. ಹೊರಗೆ ಡ್ರಾಯರಿನಲ್ಲಿ ಇನ್ನೊಂದು ಡಿಸ್ಕ್ ಇತ್ತು. ಅದು ತಂಗಿಯ ಕಾಯಿಲೆಗೂ ಮುಂಚಿನದು.

"ಕರೆಂಟಿಂದ ಆಗಿರ್ಬೇಕು," ಎಂದೆ.

"ಕರೆಂಟಿಂದಾದ್ರೆ ಆ ಹೊತ್ನಲ್ಲಿ ಬರೀತಿದ್ದಿದ್ದು ಮಾತ್ರ ಕೆಡ್ಬೇಕು ಅಕ್ಕಾ. ಯಾವತ್ತೋ ಬರೆದಿಟ್ಟಿದ್ದೂ ಕೆಟ್ಟಿದೆ." ಆದರೂ ಹೊಸ ಬ್ಯಾಟರಿ ತಂದು ಹಾಕಿದ. ಡಿಸ್ಕುಗಳನ್ನು ಪರೀಕ್ಷೆ ಮಾಡಿದ. ಅವು ಗಟ್ಟಿಯಾಗಿದ್ದವು. ಮಾರನೆಯ ದಿನ ಇನ್ನಷ್ಟು ಮಾತು ಕೆಟ್ಟಿದ್ದವು. ಆಗ ಅವನು ತಲೆ ಎತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಗ್ಯಾಸ್ ಆರಿಸಿದ್ದೇನೆ ಎಂದಾಗ ನೋಡುವ ನೋಟ ಅದು.

"ಯಾರೋ ಕೈ ಹಾಕ್ತಿದಾರೆ," ಎಂದ.

ಮೊದಲು ಎದುರುಮನೆಯ ಟೈಲರ್ ಮೇಲೆ ಹೋಯಿತು ಅನುಮಾನ. ಯಾವತ್ತೋ ಒಮ್ಮೆ ವೈಫೈ ಪಾಸ್‌ವರ್ಡ್ ಕೇಳಿದ್ದನಂತೆ, ಪಾಪ. ಮೆಟ್ಟಿಲ ಕ್ಯಾಮೆರಾದಲ್ಲಿ ಬಂದು ಹೋದವರನ್ನೆಲ್ಲ ಹಿಂದೆ ಮುಂದೆ ಓಡಿಸಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದ.

"ಅಕ್ಕಾ, ಆ ಕೋಣೇಲಿ ಕಸ ಹೊಡೆಯೋವಾಗ ಏನಾದ್ರೂ ತಗಲಿತ್ತಾ?"

"ನನ್ನ ಪೊರಕೆ ಬರೀ ತಂಗಿ ಮಾತನ್ನೇ ಆರಿಸಿ ಕೆಡಿಸುತ್ತೇನಪ್ಪಾ?"

ಅವನು ನಗಲಿಲ್ಲ. ಕೊನೆಗೆ ಬಂದದ್ದು ಸೊಸೆಯ ಹತ್ತಿರ. ಅವಳು ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

"ನಿನ್ನೆ ಪೆಟ್ಟಿಗೆಗೆ ಹೋಗಿದ್ಯಾ?"

"ಹೂಂ ಮಾವ. ಹೊಸದು ಹಾಕಕ್ಕೆ."

"ಹಳೇದನ್ನ ಮುಟ್ಟಿದ್ಯಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. "ನಾನ್ಯಾಕೆ ಅಳಿಸ್ಲಿ ಮಾವ? ಅದ್ರಲ್ಲಿ ಅರ್ಧ ನನ್ನನ್ನ ಬೈದಿರೋದೇ ಇದೆ ಅಂತಾನಾ?" ಎಂದಳು. ತಮಾಷೆಗೇ ಅಂದದ್ದು.

"ಅದೇ ನಾನೂ ಯೋಚ್ನೆ ಮಾಡಿದ್ದು," ಎಂದ ಜಗ್ಗಣ್ಣ.

ಅವಳು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋದಳು. ಅವನು ಅವತ್ತೇ ಅವಳ ಪಾಸ್‌ವರ್ಡ್ ತೆಗೆದುಹಾಕಿದ. ಸಾಮಾನು ಕೋಣೆಗೆ ತನ್ನ ಕಸುಬಿನ ಕೆಂಪು ಬೀಗ ಹಾಕಿ ಜಗ್ಗಿದ. ಒಳಗೆ ಹರವಿದ್ದ ನನ್ನ ಟವೆಲ್ಲೂ ಒಳಗೇ ಉಳಿಯಿತು.

ತಂಗಿ ಇದನ್ನೆಲ್ಲ ಕೂತು ನೋಡಿದಳು. ಮಾರನೆಯ ಮಧ್ಯಾಹ್ನ ಅವನೇ ಫೋನು ಹಿಡಿದು, ಕೆಟ್ಟದ್ದನ್ನೆಲ್ಲ ಮತ್ತೆ ಹೇಳು, ನಾನೇ ರೆಕಾರ್ಡ್ ಮಾಡುತ್ತೇನೆ ಎಂದು ಎದುರಿಗೆ ಕೂತ. ಆಪರೇಷನ್ನಿಗೆ ಒಂದು ವಾರ ಚಿಲ್ಲರೆ ಉಳಿದಿತ್ತು. ದನಿ ದಿನದಿನಕ್ಕೆ ಇಳಿಯುತ್ತಿತ್ತು, ಮರಳುಕಾಗದ ಉಜ್ಜಿದ ಹಾಗೆ.

"ಆ ಹುಡುಗಿ ಎಲ್ಲಿ?" ಎಂದಳು.

"ಅವಳ್ಯಾಕೆ? ನಾನಿದೀನಲ್ಲ."

"ಅವಳು ಹಿಡಿದ್ರೆ ಹೇಳ್ತೀನಿ. ಮನೆ ಮಗು ಮೇಲೆ ಕಳ್ಳತನ ಹೊರ್ಸಿ ನನ್ನ ದನಿ ಉಳಿಸ್ಕೋತೀರಾ? ನಂಗೆ ಬೇಡ ಅಂಥ ದನಿ."

"ದಿನ ಇಲ್ಲ ಕಣೇ..."

ತಂಗಿ ಬಾಯಿ ಮುಚ್ಚಿದಳು. ಅವತ್ತಿನಿಂದ ಅವನ ಎದುರಿಗೆ ಒಂದು ಮಾತೂ ಆಡಲಿಲ್ಲ. ಬೇಕಾದದ್ದಕ್ಕೆ ಕೈ ತೋರಿಸುತ್ತಿದ್ದಳು. ಆಪರೇಷನ್ ಆದ ಮೇಲೆ ಹೇಗಿರುತ್ತದೆ ಎಂದು ಅವನಿಗೆ ಮೊದಲೇ ತೋರಿಸಿದ ಹಾಗಿತ್ತು ಅದು. ಅವನು ಆ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಇದ್ದಬದ್ದ ಬೀಗವನ್ನೆಲ್ಲ ಜಗ್ಗುತ್ತಾ ತಿರುಗಿದ.

ಅನುಮಾನ ನನಗೂ ಅಂಟಿತ್ತು. ಅದಕ್ಕೆ ಕಾರಣವಿತ್ತು. ನೀರಿನ ಡ್ರಮ್ಮಿನ ಹಿಂದೆ ನಿಂತು ಸೊಸೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದನ್ನು ನಾನು ಕೇಳಿದ್ದೆ. "ಮಾವನಿಗೆ ಗೊತ್ತಾಗೋದು ಬೇಡ... ಹೌದು, ಆ ಮೊದಲ ದಿನದ್ದು... ಸಿಕ್ರೆ ನಂಗೊಬ್ಳಿಗೇ ಹೇಳಿ," ಎನ್ನುತ್ತಿದ್ದಳು. ನಾನು ಕೆಮ್ಮಿದ ಕೂಡಲೇ ಫೋನು ಇಟ್ಟಳು. ಅವಳ ಕಣ್ಣೀರನ್ನೂ ಕಂಡವಳು ನಾನು, ಈ ಪಿಸುಮಾತನ್ನೂ ಕೇಳಿದವಳು ನಾನು. ಯಾವುದನ್ನು ನಂಬುವುದು? ಹೇಳಿದರೆ ಉರಿಯುವುದಕ್ಕೆ ತುಪ್ಪ ಹೊಯ್ದ ಹಾಗೆ, ಹೇಳದಿದ್ದರೆ ಮುಚ್ಚಿಟ್ಟ ಹಾಗೆ. ಬಾಯಿ ಬಿಡದೆ ಕಾಯೋಣ ಎಂದುಕೊಂಡೆ. ಅವಳು ಅನ್ನ ಬಡಿಸುವಾಗ ಮಾತ್ರ ಅವಳ ಕೈಯನ್ನೇ ನೋಡುತ್ತಿದ್ದೆ, ಕೈಯಲ್ಲಿ ಏನೋ ಬರೆದಿರುತ್ತದೆ ಎನ್ನುವ ಹಾಗೆ.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಜಗ್ಗಣ್ಣ ನನ್ನನ್ನು ಕರೆದ.

"ಅಕ್ಕಾ, ಬನ್ನಿ. ನೀವು ಸಾಕ್ಷಿ."

ಕೆಂಪು ಬೀಗ ತೆಗೆದು ಒಳಗೆ ಕರೆದುಕೊಂಡು ಹೋದ. ನನ್ನ ಟವೆಲ್ಲು ಹಪ್ಪಳದ ಹಾಗೆ ಒಣಗಿ ನೇತಾಡುತ್ತಿತ್ತು. ಕೋಣೆ ಬಿಸಿಯಾಗಿತ್ತು. ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಪರದೆ ತೋರಿಸಿದ.

"ಮೂರು ದಿನದಿಂದ ಈ ಕೋಣೆಗೆ ನನ್ನ ಬಿಟ್ಟು ಯಾರೂ ಬಂದಿಲ್ಲ. ಪಾಸ್‌ವರ್ಡ್ ನನ್ನೊಬ್ಬನದೇ. ಹೊರಗಿಂದ ಬರೋ ಇಂಟರ್ನೆಟ್ ವಯರ್ ಕೂಡ ಕಿತ್ತಿಟ್ಟಿದೀನಿ. ಈಗ ನೋಡಿ, ಹತ್ತಿರ ಹತ್ತಿರ ಅರ್ಧ ಉಳ್ಕೊಂಡಿತ್ತಲ್ಲ, ಅದು ಹಾಗೇ ಇದ್ರೆ..." ಮುಂದೆ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ಹಾಗೇ ಇದ್ದರೆ ಕಳ್ಳಿ ಸೊಸೆಯೇ.

ಒಂದೊಂದಾಗಿ ಒತ್ತಿದ. "ಅಕ್ಕಾ, ನೀನು ಕೂತ್ಕೋ" ಎನ್ನುವುದು ಚೆನ್ನಾಗಿ ಬಂತು. ಮಗನ ಮಾತು ಬಂತು. ಆಮೇಲಿನದು ಕರ್ರ್ ಎಂದಿತು. ಅದರ ಮುಂದಿನದೂ. ಅವನು ಒತ್ತುತ್ತಲೇ ಹೋದ. "ಜಗ್ಗಿದ್ದು ಸಾಕು ರೀ" ಎನ್ನುವುದನ್ನು ಒತ್ತಿದಾಗ ಏನೂ ಬರಲಿಲ್ಲ, ಕರ್ರ್ ಕೂಡ ಇಲ್ಲ.

"ಮೊನ್ನೆ ಇದು ಇತ್ತು," ಎಂದ. "ಮೊನ್ನೆ ಕೇಳಿದೀನಿ ನಾನು ಇದನ್ನ."

ಸೊಸೆ ಅಲ್ಲ. ಟೈಲರ್ ಅಲ್ಲ, ಪೊರಕೆ ಅಲ್ಲ. ಅವನೂ ಅದನ್ನೇ ಲೆಕ್ಕ ಹಾಕುತ್ತಿದ್ದ. ಅನುಮಾನಪಡಲು ಯಾರೂ ಉಳಿಯದಿದ್ದಾಗ ಅವನ ಮುಖ ಹೇಗಿರುತ್ತದೆ ಎಂದು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಹಾಗಾದ್ರೆ ನಾನೇನಾ ಅಕ್ಕಾ? ನಿದ್ದೆಗಣ್ಣಲ್ಲಿ ಎದ್ದು ಬಂದು ಏನಾದ್ರೂ..."

"ನೀವು ನಿದ್ದೆಗಣ್ಣಲ್ಲಿ ಎದ್ರೆ ಗ್ರಿಲ್ ಜಗ್ಗಕ್ಕೆ ಹೋಗ್ತೀರಪ್ಪಾ, ಇಲ್ಲಿಗಲ್ಲ," ಎಂದೆ.

ಅವನು ಕೈಯಲ್ಲಿದ್ದ ಕೆಂಪು ಬೀಗವನ್ನು ತಿರುಗಿಸಿ ನೋಡಿದ. ಆಮೇಲೆ ತನ್ನಷ್ಟಕ್ಕೆ ತಾನೇ ಅಂದ: "ಬಾಗಿಲಿಗೆ ಬಂದೋರನ್ನೇ ನೋಡ್ತಾ ಇದೀನಿ. ಒಳಗೆ ಯಾರಾದ್ರೂ ಇದೀರಾ ಅಂತ ಕೇಳ್ಲೇ ಇಲ್ಲ."

ಅಷ್ಟು ದಿನ ಅವನು ತೆರೆಯುತ್ತಿದ್ದದ್ದು ಉಗ್ರಾಣದವನ ಪುಟ, ಹೆಚ್ಚೆಂದರೆ ಯಾರು ಯಾವಾಗ ಬಂದರು ಎನ್ನುವ ಪುಟ. ಇಡೀ ಪೆಟ್ಟಿಗೆಯ ಯಜಮಾನನ ಪುಟವನ್ನು ಈಗ ತೆರೆದ. ಅಲ್ಲಿ ಬಾಡಿಗೆಯವರೆಲ್ಲ ಸಾಲಾಗಿ ಇದ್ದರು, ಎಚ್ಚರವಾಗಿರುವವರ ಮುಂದೆ ಒಂದೊಂದು ಹಸಿರು ಚುಕ್ಕೆ. ನಾನೂ ಬೆರಳು ಮಡಿಸಿದೆ. ಮೂರು ಇರಬೇಕಾಗಿತ್ತು. ನಾಲ್ಕು ಇದ್ದವು.

"ಇವನ್ಯಾರು?" ಎಂದೆ.

ಅವನು ಉಸಿರು ಬಿಟ್ಟ ಶಬ್ದ ಪೆಟ್ಟಿಗೆಯ ಗದ್ದಲದಲ್ಲೂ ಕೇಳಿಸಿತು. "ನಾನೇ ಮಾಡಿದ್ದು."

ಹಿಂದೊಮ್ಮೆ ಉಗ್ರಾಣದವನನ್ನು ಹೊಸದಾಗಿ ಬದಲಾಯಿಸುವ ಕೆಲಸ ಇತ್ತಂತೆ. ಕೆಟ್ಟರೆ ಇರಲಿ ಎಂದು ಅವನ ಸೆಟ್ಟಿಂಗನ್ನೆಲ್ಲ ಹಾಗೇ ಕಾಪಿ ಮಾಡಿ, ಥೇಟ್ ಅವನ ಹಾಗೇ ಇರುವ ಇನ್ನೊಬ್ಬನನ್ನು ಮಾಡಿ ಮಲಗಿಸಿಟ್ಟಿದ್ದ. ಇಬ್ಬರೂ ಒಟ್ಟಿಗೆ ಹೊರಗೆ ಕಾಣಿಸಿಕೊಂಡರೆ ಗೊಂದಲ ಎಂದು ಇವನ ಹೊರಗಿನ ದಾರಿಯನ್ನು ಮುಚ್ಚಿದ್ದ. ಆಮೇಲೆ ಮರೆತ. ಕಾಪಿ ಮಾಡುವಾಗ ಎರಡು ವಿಷಯ ಜೊತೆಗೆ ಬಂದಿದ್ದವು. ಪೆಟ್ಟಿಗೆ ಎದ್ದಾಗ ನೀನೂ ಏಳು ಎನ್ನುವುದು ಒಂದು. ಈ ಡಿಸ್ಕುಗಳು ನಿನ್ನವು ಎನ್ನುವುದು ಇನ್ನೊಂದು. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಎದ್ದಿತು, ಮಲಗಿದ್ದವನೂ ಎದ್ದ. ಹಳೆಯ ಫೋಟೋಗಳ ಲೆಕ್ಕ ಇಬ್ಬರಿಗೂ ಇತ್ತು, ತಂಗಿಯ ಹೊಸ ಮಾತುಗಳ ಲೆಕ್ಕ ಇವನಿಗೆ ಇರಲಿಲ್ಲ.

"ಒಂದೇ ಲಿಫ್ಟಿಗೆ ಎರಡು ಕಂಟ್ರೋಲರ್ ಕಟ್ಟಿದೀನಿ ಅಕ್ಕಾ. ಲಿಫ್ಟು ಮೇಲಿದೆ ಅಂತ ಒಂದು ಅಂದ್ಕೊಂಡಿದೆ, ಕೆಳಗಿದೆ ಅಂತ ಇನ್ನೊಂದು. ಎರಡೂ ಎಳೀತಿವೆ."

ನನಗೆ ಅದು ಬೇರೆ ಥರ ಕಂಡಿತು. ಒಂದೇ ಅಡುಗೆಮನೆ, ಇಬ್ಬರು ಹೆಂಗಸರು, ಒಬ್ಬಳಿರುವುದು ಇನ್ನೊಬ್ಬಳಿಗೆ ಗೊತ್ತಿಲ್ಲ. ಇವಳು ಡಬ್ಬಿಯಲ್ಲಿ ಸಕ್ಕರೆ ತುಂಬಿಟ್ಟು ಹೋಗುತ್ತಾಳೆ. ಅವಳ ಲೆಕ್ಕದಲ್ಲಿ ಆ ಡಬ್ಬಿ ಖಾಲಿ, ಬಂದು ಮೇಲಿಂದ ಉಪ್ಪು ಸುರಿಯುತ್ತಾಳೆ. ಇಬ್ಬರದೂ ಚೊಕ್ಕ ಕೆಲಸ, ಕದ್ದವರು ಯಾರೂ ಇಲ್ಲ. ಹಾಗೆಂದೇ ಹೇಳಿದೆ. ಅವನು ತಲೆಯಾಡಿಸಿದ, ಈ ಸಲ ಎದ್ದು ಹೋಗಿ ಮುಟ್ಟಿ ನೋಡಲಿಲ್ಲ.

ಆ ನಾಲ್ಕನೆಯವನನ್ನು ಆರಿಸಿದ. ಹಸಿರು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಹೋದದ್ದು ಮಾತ್ರ ಹೋಗಿತ್ತು, ಮುಕ್ಕಾಲು ಪಾಲು.

ಸಂಜೆ ಸೊಸೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಅವಳು ಪಕ್ಕಕ್ಕೆ ಸರಿದು ಹೋಗಲು ನೋಡಿದಳು. ಅವನಿಗೆ ಕ್ಷಮಿಸು ಎನ್ನುವ ಮಾತು ಬಾಯಿಗೆ ಬರುವುದಿಲ್ಲ, ಅದು ನಮಗೆಲ್ಲ ಗೊತ್ತು. ಹಿಂದಿನ ಜೇಬಿನಿಂದ ಒಂದು ಹೊಸ ಬೀಗ ತೆಗೆದು ಅವಳ ಮುಂದೆ ಹಿಡಿದ. ನೀಲಿ ಬಣ್ಣದ್ದು, ಕೀಲಿ ಅದರಲ್ಲೇ ಸಿಕ್ಕಿಸಿತ್ತು.

"ಏನಿದು?"

"ನಿಂದು. ಇನ್ಮೇಲೆ ಆ ಕೋಣೆಗೆ ಎರಡು ಬೀಗ. ಒಂದು ನಂದು, ಒಂದು ನಿಂದು. ಕೀಲಿ ನಿನ್ನ ಹತ್ರಾನೇ ಇರ್ಲಿ, ನಾನು ಕೇಳಿದ್ರೂ ಕೊಡ್ಬೇಡ. ನೀನಿಲ್ದೆ ನಾನೂ ಒಳಗೆ ಹೋಗೋ ಹಾಗಿಲ್ಲ." ಬೀಗವನ್ನು ಅವಳ ಕೈಗಿಟ್ಟು, "ಕೆಡಿಸ್ತಿದ್ದೋನು ನಾನೇ ಕಣಮ್ಮ," ಎಂದ.

ಸೊಸೆ ಬೀಗವನ್ನು ನೋಡಿದಳು, ಮಾವನನ್ನು ನೋಡಿದಳು. ಅವನ ಕಸುಬಿನಲ್ಲಿ ಅದಕ್ಕೆ ಏನು ಅರ್ಥ ಎಂದು ಅವಳಿಗೆ ಗೊತ್ತಿತ್ತು. ಆ ಗುಂಡಿಯ ಕತೆಯನ್ನು ಮನೆಯಲ್ಲಿ ಕೇಳದವರಿಲ್ಲ.

"ಬೀಗ ಸರಿ ಮಾವ. ಬಟ್ಟೆ ಒಣಗ್ಸೋ ದಾರ?"

"ಕಟ್ಕೋ."

ಒಳಗೆ ಕೂತಿದ್ದ ತಂಗಿ ನಾಲ್ಕು ದಿನದ ಮೇಲೆ ಅವನ ಎದುರಿಗೆ ಬಾಯಿ ತೆರೆದಳು. ಒಡಕು ದನಿ. "ಲೇ ಹುಡುಗಿ, ಕೈಕಾಲು ತೊಳ್ಕೊಂಡು ಬಾ. ಫೋನ್ ತಗೊಂಡು ಬಾ."

ಆಗ ಸೊಸೆ ತಾನಾಗಿಯೇ ಹೇಳಿದಳು. ಫೋನಿನಲ್ಲಿ ಮೆಲ್ಲಗೆ ಮಾತಾಡಿದ್ದು ಮಾತಿನ ಡಾಕ್ಟ್ರಮ್ಮನ ಹತ್ತಿರ. ಮೊದಲ ದಿನ ತೋರಿಸಿಕೊಡಲು ಅವರು ತಮ್ಮ ಮಿಷಿನ್ನಿನಲ್ಲಿ ಒಂದೆರಡು ಮಾತು ಹಿಡಿದಿದ್ದರು, ಅದು ಇನ್ನೂ ಇದೆಯಾ ಎಂದು ಕೇಳಿದ್ದಳು. ಸಿಗದೇ ಹೋದರೆ ಮಾವ ಆಸೆಪಟ್ಟು ಕುಸಿಯುವುದು ಬೇಡ ಎಂದು ಹೇಳಿರಲಿಲ್ಲ. ಅವತ್ತು ಸಿಕ್ಕಿತ್ತು. ಅವಳ ಫೋನಿನಲ್ಲಿ ಒತ್ತಿದಳು. ಇಷ್ಟು ಕೆಡುವ ಮೊದಲಿನ, ಹೆಚ್ಚುಕಡಿಮೆ ನಿಲ್ದಾಣದ ದನಿಯೇ. "ನೀರು ಬೇಕು. ನೋವಾಗ್ತಿದೆ. ಇಷ್ಟು ಸಾಕೇನಮ್ಮಾ, ನನ್ನ ಬಸ್ಸಿಗೆ ಹೊತ್ತಾಯ್ತು." ಅವಳ ಕೈ ನೋಡುತ್ತಿದ್ದ ನನ್ನ ಕಣ್ಣನ್ನು ನಾನು ಆಚೆ ತಿರುಗಿಸಿದೆ.

ಉಳಿದ ದಿನಗಳಲ್ಲಿ ತಂಗಿ ಎಷ್ಟು ಆಗುತ್ತದೋ ಅಷ್ಟು ಮತ್ತೆ ಹೇಳಿದಳು. ಹಿಂದಿನಷ್ಟು ಬರಲಿಲ್ಲ, ಗಂಟಲು ಬಿಡಲಿಲ್ಲ. ಕೆಲವು ಮಾತಿನ ಕೊನೆ ಬರೀ ಗಾಳಿ. "ಒಳಗೆ ಬನ್ನಿ" ಎನ್ನುವುದರಲ್ಲಿ "ಬನ್ನಿ" ಬರುವಷ್ಟರಲ್ಲಿ ದನಿ ಮುರಿಯುತ್ತದೆ. ಇನ್ನೊಮ್ಮೆ ಹೇಳುತ್ತೀರಾ ಅತ್ತೆ ಎಂದು ಸೊಸೆ ಕೇಳಿದಳು. "ಬೇಡ, ಹೀಗೇ ಇರ್ಲಿ, ಅವರಿಗೆ ಅರ್ಥವಾಗುತ್ತೆ," ಎಂದಳು ತಂಗಿ.

ಫೋನಿನ ಕಾನೂನು ಹೋಯಿತು. ಈಗ ಆ ಮಾತುಗಳು ಪೆಟ್ಟಿಗೆಯಲ್ಲಿವೆ, ಸೊಸೆಯ ಫೋನಿನಲ್ಲಿವೆ, ನನ್ನ ಫೋನಿನಲ್ಲೂ ಇವೆ. ಇನ್ನೊಂದು ಡಿಸ್ಕು ಮಗನ ಲಾರಿಯ ಸೀಟಿನ ಕೆಳಗೆ ಊರೂರು ತಿರುಗುತ್ತಿದೆ. ಸಾಮಾನು ಕೋಣೆಗೆ 'ಒಳಗೆ ಯಾರಿದ್ದಾರೆ' ಎಂದು ನೋಡಲು ಮಾವ ಸೊಸೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಬರುವಾಗ ಅವಳ ಕೈಯಲ್ಲಿ ಒಣಗಿದ ಬಟ್ಟೆ ಇರುತ್ತದೆ.

ಆಪರೇಷನ್ ಆಯಿತು. ತಂಗಿ ಚೇತರಿಸಿಕೊಂಡಿದ್ದಾಳೆ. ಟ್ಯಾಬು ಅವಳ ತೊಡೆಯ ಮೇಲೇ ಇರುತ್ತದೆ, ಸೊಸೆ ಈಗಲೂ ಬೈಸಿಕೊಳ್ಳುತ್ತಾಳೆ.

ಜಗ್ಗಣ್ಣ ಬದಲಾಗಲಿಲ್ಲ. ಸಂಜೆ ಗ್ರಿಲ್ಲಿಗೆ ಬೀಗ ಹಾಕಿ ಜಗ್ಗುತ್ತಾನೆ. ತಂಗಿ ಒಳಗಿನಿಂದ ಒತ್ತುತ್ತಾಳೆ. "ಜಗ್ಗಿದ್ದು ಸಾಕು ರೀ, ಒಳಗೆ ಬನ್ನಿ." ಮೊದಲೆಲ್ಲ ಆ ಮಾತು ಕೇಳಿದ ಕೂಡಲೇ ಬಂದುಬಿಡುತ್ತಿದ್ದ. ಈಗ ಬರುವುದಿಲ್ಲ, ಮತ್ತೆ ಜಗ್ಗುತ್ತಾನೆ. ಅವಳು ಮತ್ತೆ ಒತ್ತುತ್ತಾಳೆ. ಅವನು ಇನ್ನೊಮ್ಮೆ ಜಗ್ಗುತ್ತಾನೆ. ಆ ಬೀಗ ಗಟ್ಟಿಯಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿದೆ ಎನ್ನುವುದು ನನ್ನ ಅನುಮಾನ.